ಬೆನ್ನು ಗೋಡೆಗೆ

ಫೆಸ್ ಊರಿನ ಹಳೇ ಕೋಟೆಯೊಳಗೆ ಹೇಸರಗತ್ತೆ ಹೊಡೆಯುವವರಿಗೇನು ಕಡಿಮೆಯಿಲ್ಲ. ಆದರೆ ಬಾಯಿ ಬಿಡದೆ ಹೋಗುವವನು ಒಬ್ಬನೇ, ಜಿಲಾಲಿ. ಮಿಕ್ಕವರೆಲ್ಲ ಪ್ರಾಣಿಯ ಹಿಂದೆ ನಡೆಯುತ್ತ, ಗಂಟಲು ಹರಿಯುವಂತೆ "ಬಾಲಾಕ್, ಬಾಲಾಕ್" ಎಂದು ಕೂಗಿಕೊಂಡು ಬಂದರೆ ಈತ ಹಗ್ಗ ಹಿಡಿದು ಮುಂದೆ ನಡೆಯುತ್ತಾನೆ. ಎದುರು ಸಿಕ್ಕವರ ತೋಳು ಮುಟ್ಟಿ, ಒಬ್ಬೊಬ್ಬರನ್ನೇ ಯಾವುದಾದರೂ ಹೊಸ್ತಿಲಿಗೋ ಅಂಗಡಿಯ ಮೆಟ್ಟಿಲಿಗೋ ಹತ್ತಿಸಿ, ಆಮೇಲೆ ಪ್ರಾಣಿಯನ್ನು ಕರೆಯುತ್ತಾನೆ. ಹೆಂಗಸರು ಬಂದರೆ ತಾನೇ ನಿಂತು, ಅವರು ದಾಟುವ ತನಕ ಕಾಯುತ್ತಾನೆ. ಬೇರೆಯವರು ಎರಡು ಮೂರು ಹೇರು ಮುಟ್ಟಿಸುವಷ್ಟರಲ್ಲಿ ಇವನದು ಒಂದು ಮುಟ್ಟಿದರೆ ಪುಣ್ಯ.

ಹೊಸಬರು ಹಂಗಿಸುತ್ತಾರೆ. ನಾಲಿಗೆಯನ್ನು ಯಾರ ಹತ್ತಿರ ಒತ್ತೆ ಇಟ್ಟೆ, ಯಾವಾಗ ಬಿಡಿಸಿಕೊಳ್ತೀಯ ಎಂದು ಕೇಳುತ್ತಾರೆ. ಹಳಬರು ಅಂಥವರ ತೊಡೆ ಚಿವುಟಿ ಸುಮ್ಮನಾಗಿಸುತ್ತಾರೆ. ಜಿಲಾಲಿ ಮಾತ್ರ ಎರಡನ್ನೂ ಕೇಳಿಸಿಕೊಂಡವನಂತೆ ಕಾಣುವುದಿಲ್ಲ.

ಬಾಲಾಕ್ ಅಂದರೆ ಹುಷಾರು. ನಿನ್ನ ಗಮನ ನಿನ್ನ ಮೇಲಿರಲಿ ಎಂದು ಅದರ ಅರ್ಥ. ಈ ಊರಿನಲ್ಲಿ ಬೆಳಗಿನಿಂದ ಸಂಜೆಯ ತನಕ ಕಿವಿಗೆ ಬೀಳುವುದು ಇದೊಂದೇ. ಮಗನನ್ನು ಬಸ್ಸು ಹತ್ತಿಸುವ ತಾಯಿ ಇದೇ ಮಾತನ್ನು ಕೊಂಚ ತಿರುಗಿಸಿ ಮೆಲ್ಲಗೆ ಹೇಳುತ್ತಾಳೆ. ಕುದಿಯುವ ಎಣ್ಣೆಯ ಪಾತ್ರೆ ಹೊತ್ತವನು ಇದನ್ನೇ ಅರಚುತ್ತಾನೆ. ಜಗಳದಲ್ಲಿ ಬೆರಳೆತ್ತಿದವನು ಹಲ್ಲು ಕಚ್ಚಿಕೊಂಡು ಹೇಳುವುದೂ ಇದನ್ನೇ. ಇಬ್ಬರು ಭುಜಕ್ಕೆ ಭುಜ ತಾಗದೆ ನಡೆಯಲಾಗದ ಸಂದಿಗಳಲ್ಲಿ ಬದುಕುವ ಜನಕ್ಕೆ ನಮಸ್ಕಾರಕ್ಕಿಂತ ಮೊದಲು ಬರುವ ಮಾತು ಇದಾದರೆ ಆಶ್ಚರ್ಯವೇನು.

ಹೇಸರಗತ್ತೆಯವರ ಕಸುಬಿನಲ್ಲಿ ಆ ಮಾತಿಗೆ ಇನ್ನೊಂದು ಕೆಲಸವಿದೆ. ಸಂದಿಯ ಬಾಯಲ್ಲಿ ಒಮ್ಮೆ ಕೂಗಬೇಕು, ತಿರುವಿಗೆ ಮುಂಚೆ ಮತ್ತೊಮ್ಮೆ. ಕೂಗಿಯೂ ಯಾರಿಗಾದರೂ ಪೆಟ್ಟಾದರೆ ತಪ್ಪು ಪೆಟ್ಟು ತಿಂದವನದು. ಕೂಗದೆ ಪೆಟ್ಟಾದರೆ ಹೇಸರಗತ್ತೆ ಹೊಡೆಯುವವನದು. ಜಿಲಾಲಿ ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿದ್ದಾಗ ಒಬ್ಬ ಬಟ್ಟೆ ವ್ಯಾಪಾರಿಯ ಪಾದ ಅವನ ಹೇಸರಗತ್ತೆಯ ಗೊರಸಿನಡಿ ಸಿಕ್ಕಿ ಜಜ್ಜಿ ಹೋಗಿತ್ತು. ಕಸುಬಿನ ಯಜಮಾನ ಮೌಲಾಯ್ ತಯ್ಯಬ್ ಬಂದು ಸುತ್ತ ನಿಂತವರನ್ನು ಕೇಳಿದ್ದು ಒಂದೇ ಪ್ರಶ್ನೆ: ಕೂಗಿದ್ದನೋ? ಕೂಗಿದ್ದ ಎಂದರು. ಅಲ್ಲಿಗೆ ಪಂಚಾಯಿತಿ ಮುಗಿಯಿತು. ನೆಲದ ಮೇಲೆ ಬಿದ್ದು ನರಳುತ್ತಿದ್ದ ವ್ಯಾಪಾರಿ ಕೂಡ ಎದುರು ಮಾತಾಡಲಿಲ್ಲ. ಆ ಸಂಜೆ ಜಿಲಾಲಿ ಹಗುರಾದ ಮನಸ್ಸಿನಿಂದ ಬಟ್ಟಲು ತುಂಬ ಬಟಾಣಿ ಗಂಜಿ ಕುಡಿದ. ಎಂಥ ಒಳ್ಳೆಯ ಮಾತು, ಬಾಯಿಂದ ಹೊರಬಿದ್ದ ಕೂಡಲೆ ಹೊಣೆಯನ್ನೆಲ್ಲ ಎದುರಿನವನ ತಲೆಗೆ ಕಟ್ಟಿಬಿಡುತ್ತದೆ ಎಂದುಕೊಂಡಿದ್ದ.

ಹೆಂಡತಿ ಬೇಗ ತೀರಿಕೊಂಡಳು. ಉಳಿದವಳು ತಾಮು, ಒಬ್ಬಳೇ ಮಗಳು. ಮನೆಯಲ್ಲಿ ಬಿಟ್ಟು ಹೋಗಲು ಯಾರೂ ಇರಲಿಲ್ಲವಾದ್ದರಿಂದ ಅವಳು ಅಪ್ಪನ ಜೊತೆಯಲ್ಲೇ ಸಂದಿಗಳಲ್ಲಿ ಬೆಳೆದಳು. ಅವಳಿಗೆ ಅಕ್ಷರ ಕಲಿಸುವ ಮೊದಲು ಜಿಲಾಲಿ ಕಲಿಸಿದ್ದು ಇದನ್ನು. ಬಾಲಾಕ್ ಅಂತ ಕೇಳಿಸಿದರೆ ತಿರುಗಿ ನೋಡಬಾರದು. ಯಾರು, ಎಷ್ಟು ದೂರ ಎಂದು ಯೋಚಿಸಬಾರದು. ಬೆನ್ನು ಗೋಡೆಗೆ. ಎರಡನೇ ಸಲ ಕೇಳಿಸಿದರೆ ಹೇರು ಹತ್ತಿರ ಬಂತು ಎಂದರ್ಥ, ಇನ್ನೂ ಒತ್ತಿಕೊಳ್ಳಬೇಕು, ಉಸಿರು ಒಳಗೆಳೆದುಕೊಳ್ಳಬೇಕು. ಮನೆಯೊಳಗೆ ಅನ್ನಪಾನದ ನಡುವೆ ಇದ್ದಕ್ಕಿದ್ದಂತೆ ಅವನು ಕೂಗಿಬಿಡುತ್ತಿದ್ದ. ಮಗು ಕೈಯಲ್ಲಿದ್ದ ರೊಟ್ಟಿ ಬಿಟ್ಟು ಗೋಡೆಗೆ ಅಂಟಿಕೊಂಡು, ಗಲ್ಲ ಉಬ್ಬಿಸಿ, ಸರಿ ಮಾಡಿದೆನೇ ಎಂದು ಅಪ್ಪನ ಮುಖ ನೋಡುತ್ತಿತ್ತು. ನೆರೆಯವರು ಬಿದ್ದು ಬಿದ್ದು ನಗುತ್ತಿದ್ದರು. ತಾಮುವಿಗೆ ಒಂದು ದಿನವೂ ಒಂದು ಗೀರು ತಾಗಲಿಲ್ಲ. ಆ ಹೆಮ್ಮೆ ಅವನಿಗೆ ಕೊನೆಯ ತನಕ ಇತ್ತು.

ಅವಳನ್ನು ಕೊಟ್ಟದ್ದು ಇದ್ದಿಲ ಸಂದಿಯ ಲರ್ಬಿಗೆ. ಚರ್ಮದ ಚಪ್ಪಲಿ ಹೊಲಿಯುವ ಸಾಧು ಹುಡುಗ, ಅಮ್ಮ ಎಳೆದ ಗೆರೆ ದಾಟದವನು. ಅಮ್ಮ ಲಲ್ಲಾ ಬತೂಲ್ ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲ ಆ ಒಂದೇ ಮನೆಯಲ್ಲಿ. ಹಳೇ ಕಾಲದ ಎತ್ತರದ ಮನೆ. ಸಂದಿಯ ಕಡೆಗೆ ಕಿಟಕಿಯಿಲ್ಲದ ಬೋಳು ಗೋಡೆ, ಒಳಗೆ ನಿಂಬೆ ಗಿಡದ ಅಂಗಳ. ಹಸಿ ಚರ್ಮವನ್ನು ಹದ ಮಾಡುವ ಹೊಂಡಗಳಿಗೆ ಒಯ್ಯಬೇಕಾದರೆ ಆ ಗೋಡೆಯ ಪಕ್ಕದಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ. ಹೀಗಾಗಿ ಜಿಲಾಲಿಗೆ ದಿನವೂ ಮಗಳ ಮನೆ ಮುಂದೆ ಹಾಯುವ ಭಾಗ್ಯ. ತಾಮು ಕೆಲವೊಮ್ಮೆ ಬಾಗಿಲಲ್ಲಿ ನಿಂತು ಬಿಸಿ ರೊಟ್ಟಿಯ ತುಂಡನ್ನು ಅಪ್ಪನ ಕೈಗೆ ತುರುಕುತ್ತಿದ್ದಳು.

ಅವಳು ಬಸುರಿಯಾಗಿದ್ದ ಚಳಿಗಾಲದಲ್ಲೇ ಜಿಲಾಲಿ ಅದನ್ನು ಕಂಡದ್ದು. ಹೇಸರಗತ್ತೆಯ ಎಡಬದಿಯ ಚೀಲದ ಮೇಲೆ ಸುಣ್ಣದ ಬಿಳಿ ಗೆರೆ. ಕೊಡವಿದ. ಮರುದಿನ ಮತ್ತೆ ಇತ್ತು. ಅದೇ ಪ್ರಾಣಿ, ಅದೇ ಜೋಡಿ ಚೀಲ, ಅಷ್ಟೇ ಚರ್ಮ. ಇಷ್ಟು ವರ್ಷ ಇದ್ದಿಲ ಸಂದಿಯ ಅತಿ ಕಿರಿದಾದ ಜಾಗದಲ್ಲೂ ಎರಡು ಕಡೆ ಅಂಗೈ ಅಗಲದ ಜಾಗ ಬಿಟ್ಟೇ ಹೋಗಿದ್ದ. ಒಂದು ಮಧ್ಯಾಹ್ನ ಹೊಂಡಗಳಿಂದ ಖಾಲಿ ಚೀಲದಲ್ಲಿ ಹಿಂತಿರುಗುವಾಗ ಬೇಕೆಂದೇ ಎದುರುಗೋಡೆಗೆ ಪ್ರಾಣಿಯನ್ನು ಒತ್ತಿ ನಡೆಸಿದ. ಆಗಲೂ ಲಲ್ಲಾ ಬತೂಲಳ ಗೋಡೆ ಚೀಲವನ್ನು ಸವರಿತು. ನಿಂತು ಮೇಲೆ ನೋಡಿದ. ನೆಲದಿಂದ ನೋಡಿದರೆ ಗೋಡೆ ಎಂದಿನಂತೆ ನೆಟ್ಟಗೇ ಇತ್ತು. ಅಂಗೈ ಇಟ್ಟು ಮೆಲ್ಲಗೆ ಮೇಲಕ್ಕೆ ಸರಿಸಿದಾಗ, ಸೊಂಟದ ಮಟ್ಟದಿಂದ ಅದು ಹೊರಕ್ಕೆ ಬಂದು ಅವನ ಕೈಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಗೋಡೆ ಹೊಟ್ಟೆ ಬಿಟ್ಟಿತ್ತು.

ಜೊತೆಯವರಿಗೆ ಹೇಳಿದ. ಅವರಿಗೂ ಚೀಲ ಉಜ್ಜುವುದು ಗೊತ್ತಿತ್ತು. ಹೇರು ಸ್ವಲ್ಪ ಕಿರಿದಾಗಿ ಕಟ್ಟು ಎಂದರು, ಅವರೆಲ್ಲ ಹಾಗೇ ಕಟ್ಟತೊಡಗಿದ್ದರು. ಲರ್ಬಿಗೆ ಹೇಳಿದ. ಲರ್ಬಿ ಸೂಜಿ ಚುಚ್ಚುತ್ತಲೇ, ಅಮ್ಮನ ಹತ್ತಿರ ಮಾತಾಡಿ ಮಾವ ಎಂದ. ಹಾಗಾಗಿ ಒಂದು ಶುಕ್ರವಾರ ಸಕ್ಕರೆಯ ಉಂಡೆ ಹಿಡಿದುಕೊಂಡು ಬೀಗಿತ್ತಿಯ ಅಂಗಳಕ್ಕೇ ಹೋದ. ಆಕೆ ಪುದೀನ ಚಹಾ ಬಗ್ಗಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಲೋಟ ಅವನ ಮುಂದಿಟ್ಟು ಹೇಳಿದಳು:

"ಬಿಡ್ತು ಅನ್ನಿ ಬೀಗ್ರೇ. ಹೊಟ್ಟೆ ಬಂದಿರೋದು ನನ್ನ ಸೊಸೇಗೆ, ನನ್ನ ಗೋಡೆಗಲ್ಲ."

ಜಿಲಾಲಿ ಬಿಡ್ತು ಎಂದ. ನಮ್ಮ ಕಡೆ ಇದೊಂದು ರೋಗ. ಮನೆಯ ಬಗ್ಗೆ ಕೆಟ್ಟದ್ದು ಬಾಯಲ್ಲಿ ಬಂದರೆ ಮನೆಯ ಮೇಲೂ ಬರುತ್ತದೆ ಎಂದು ನಂಬಿ, ಬಾಯಿ ಮುಚ್ಚಿಸಿ, ಕಂಬ ಕೊಡುವುದರ ಬದಲು ಧೂಪ ಹಾಕುತ್ತೇವೆ. ಆದರೂ ಅವನು ಬಿಡಲಿಲ್ಲ, ಚೀಲದ ಸುಣ್ಣದ ವಿಷಯ ಎತ್ತಿದ. ಆಕೆಯ ಮುಖ ಬಿಗಿಯಿತು.

"ಅದನ್ನ ನಾನೇ ಕೇಳ್ಬೇಕು ಅಂತಿದ್ದೆ. ನಿಮ್ಮ ಹೇಸರಗತ್ತೆ ದಿನಾ ಉಜ್ಜಿ ಉಜ್ಜಿ ನನ್ನ ಗೋಡೆ ಸುಣ್ಣ ಎಲ್ಲಾ ಹೋಯ್ತು. ಮಾಡೋದನ್ನೂ ಮಾಡಿ, ಬೀಳತ್ತೆ ಅಂತ ಶಕುನಾನೂ ನುಡೀತೀರಲ್ಲ."

ಸಾಕ್ಷಿ ಎಂದು ತಂದದ್ದೇ ಅವನ ಮೇಲಿನ ದೂರಾಗಿತ್ತು. ಆಮೇಲೆ ಆಕೆಯೇ ದನಿ ತಗ್ಗಿಸಿ, ಪಕ್ಕದ ಸಂದಿಯಲ್ಲಿ ಹೀಗೇ ಯಾರೋ ಬಾಯಿ ಬಿಟ್ಟರು, ಅಧಿಕಾರಿಗಳು ಬಂದು ಬಾಗಿಲಿಗೆ ಬೀಗ ಜಡಿದರು, ಆ ಮನೆಯವರು ಈಗ ಕೋಟೆಯ ಹೊರಗೆ ಬೆಂಕಿಪೊಟ್ಟಣದಂಥ ಕೋಣೆಯಲ್ಲಿದ್ದಾರೆ, ನೆರೆಯವರ ಹೆಸರೂ ಗೊತ್ತಿಲ್ಲ ಎಂದು ಹೇಳಿಕೊಂಡಳು. ಹೇಳುವಾಗ ಅಂಗಳದ ನಿಂಬೆ ಗಿಡವನ್ನೇ ನೋಡುತ್ತಿದ್ದಳು. ಕಟುಕಿಯಲ್ಲ ಆಕೆ, ಹೆದರಿದವಳು. ಕೊನೆಗೆ ಒಂದು ಮಾತು ತೆಗೆದುಕೊಂಡಳು. ಬಸುರಿಯ ಕಿವಿಗೆ ಇದು ಬೀಳಕೂಡದು. ಬೆಚ್ಚಿಬಿದ್ದರೆ ಮಗುವಿಗೆ ತಟ್ಟುತ್ತದೆ. ಹೆರಿಗೆಯಾಗಿ, ಏಳನೇ ದಿನ ಹೆಸರಿಟ್ಟ ಮೇಲೆ ಗೋಡೆ ನೋಡಿಸೋಣ, ಅಲ್ಲಿಯವರೆಗೆ ತಾಮುವಿಗೆ ಒಂದು ಅಕ್ಷರ ಹೇಳಬೇಡಿ.

ಬಸುರಿಯನ್ನು ಹೆದರಿಸಬಾರದು ಎನ್ನುವುದನ್ನು ಜಿಲಾಲಿಯೂ ನಂಬಿದ್ದ. ಅವನ ಹೆಂಡತಿ ಹೋದದ್ದೂ ಹೆರಿಗೆಯಲ್ಲೇ. ಒಪ್ಪಿ ಎದ್ದು ಬಂದ. ಹೊಸ್ತಿಲ ತನಕ ಬಂದ ತಾಮು, ಏನಪ್ಪಾ ಅಷ್ಟು ಹೊತ್ತು ಅತ್ತೆ ಜೊತೆ ಗುಟ್ಟು ಎಂದು ಕೇಳಿದಳು. ತೊಟ್ಟಿಲ ಮಾತು ಎಂದು ಸುಳ್ಳು ಹೇಳಿದ.

ಅವನ ಕಷ್ಟ ಶುರುವಾದದ್ದು ಮಾರನೆಯ ದಿನ. ಇದ್ದಿಲ ಸಂದಿಯ ಬಾಯಲ್ಲಿ ನಿಂತು ಎಂದಿನಂತೆ ಕೂಗಿದ. ಒಳಗಿದ್ದವರೆಲ್ಲ ಎಂದಿನಂತೆ, ತಿರುಗಿಯೂ ನೋಡದೆ, ಗೋಡೆಗೆ ಬೆನ್ನು ಕೊಟ್ಟರು. ಬಲಕ್ಕೆ ಚರಂಡಿ. ಆದ್ದರಿಂದ ಎಲ್ಲರೂ ಎಡಕ್ಕೆ. ಇಬ್ಬರು ಹೆಂಗಸರು, ಕಲ್ಲಂಗಡಿ ಬೀಜ ಮಾರುವವನು, ಶಾಲೆಗೆ ಹೊರಟ ಮಕ್ಕಳು, ಅಷ್ಟೂ ಜನ ಹೊಟ್ಟೆ ಬಿಟ್ಟ ಗೋಡೆಯ ಅಡಿಯಲ್ಲಿ ಸಾಲಾಗಿ. ನಿಲ್ಲಿಸಿದವನು ತಾನು, ತನ್ನ ಬಾಯಿ. ಹಗ್ಗ ಜಗ್ಗಿ ಅವರ ಮುಂದೆ ಬಿರುಸಾಗಿ ಹಾದು ಹೋದ. ಜನ ಹುಷಾರಾಗಿದ್ದಷ್ಟೂ ಸಾವಿಗೆ ಹತ್ತಿರವಾಗುತ್ತಿದ್ದರು.

ಆಮೇಲೆ ಆ ಸಂದಿಯಲ್ಲಿ ಕೂಗುವುದನ್ನು ನಿಲ್ಲಿಸಿದ. ಪ್ರಾಣಿಯನ್ನು ಹೊರಗೆ ನಿಲ್ಲಿಸಿ, ತಾನೇ ಒಳಗೆ ಹೋಗಿ, ದಾರಿ ಬಿಡಿ, ಹಿಂದಕ್ಕೆ ಹೋಗಿ, ಬಾಗಿಲೊಳಗೆ ನಿಲ್ಲಿ ಎಂದು ಬೇಡಿಕೊಂಡ. ಜನಕ್ಕೆ ತಮಾಷೆ. ಜಿಲಾಲಿಗೆ ಅರಳುಮರಳು, ಹೇಸರಗತ್ತೆಗೆ ಮೆರವಣಿಗೆ ಮಾಡಿಸುತ್ತಾನೆ ಎಂದರು. ಕಾರಣ ಕೇಳಿದರೆ ಹೇಳುವಂತಿಲ್ಲ, ಹೇಳಿದರೆ ಸಂಜೆಯೊಳಗೆ ತಾಮುವಿನ ಕಿವಿಗೆ ಹೋಗುತ್ತದೆ. ಒಂದು ದಿನ ತಿರುವಿನಿಂದ ಅವಸರದಲ್ಲಿ ಬಂದ ಚಿಂದಿ ವ್ಯಾಪಾರಿಗೆ ಚೀಲ ತಾಗಿ ಮೊಣಕೈ ತರಚಿತು. ದೂರು ಯಜಮಾನನಿಗೆ ಹೋಯಿತು. ಮೌಲಾಯ್ ತಯ್ಯಬ್‌ಗೆ ಈಗ ಮುಪ್ಪು, ಕಣ್ಣು ಮಂಜು, ಪ್ರಶ್ನೆ ಮಾತ್ರ ಅದೇ. ಕೂಗಿದ್ಯೋ?

ಇಲ್ಲ ಎಂದ ಜಿಲಾಲಿ.

"ಮೂವತ್ತು ವರ್ಷದಿಂದ ಈ ಕಸುಬಿನಲ್ಲಿರೋನು ನೀನು, ನಿನಗೆ ನಾನು ಪಾಠ ಹೇಳ್ಬೇಕೇನೋ? ಕೂಗ್ದೇ ಹೋದವನ ಪರ ನಾನು ನಿಲ್ಲಲ್ಲ. ಒಂದು ಮಾತು ಕೂಗೋಕೆ ಏನು ಗಂಟು ಹೋಗತ್ತೆ? ಕೂಗಿದ್ರೆ ನಿನ್ನ ಭಾರ ಇಳೀತು."

"ಇಳಿದು ಎಲ್ಲಿಗೆ ಹೋಗತ್ತೆ, ಮೌಲಾಯ್?"

ಮುದುಕನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಂದು ದೂರು ಬಂದರೆ ಚರ್ಮದ ಹೇರು ಬೇರೆಯವರಿಗೆ ಎಂದು ಎಚ್ಚರಿಸಿ ಕಳಿಸಿದ.

ಅಂದಿನಿಂದ ಜಿಲಾಲಿ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೆ, ಸಂದಿಯಲ್ಲಿ ನರಪಿಳ್ಳೆ ಇಲ್ಲದ ಹೊತ್ತಿಗೆ ಹೇರು ಸಾಗಿಸತೊಡಗಿದ. ಹೋಗುವಾಗ ಗೋಡೆಯ ಮೇಲೆ ಒಂದು ಸಲ ಅಂಗೈ ಸರಿಸುತ್ತಿದ್ದ. ದಿನದಿಂದ ದಿನಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ವಾರ ಕಳೆದರೆ ತಿಳಿಯುತ್ತಿತ್ತು. ಹೆರಿಗೆಯ ದಿನಗಳನ್ನು ಅವನಷ್ಟು ಆತುರದಿಂದ ಎಣಿಸಿದ ಅಪ್ಪ ಬೇರೆ ಇರಲಾರ. ಮಗು ಬೇಗ ಬರಲಿ ದೇವರೇ, ಹೆಸರಿಟ್ಟ ಸಂಜೆಯೇ ಮಗಳನ್ನೂ ಮೊಮ್ಮಗುವನ್ನೂ ನನ್ನ ಗೂಡಿಗೆ ಎತ್ತಿಕೊಂಡು ಹೋಗುತ್ತೇನೆ, ಬೀಗಿತ್ತಿ ಬೈಯಲಿ, ಅಳಿಯ ಮುನಿಯಲಿ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ. ಎಷ್ಟೋ ಸಲ ಬಾಗಿಲ ಮುಂದೆ ಹಾಯುವಾಗ, ಗೋಡೆ ಪಕ್ಕ ನಿಲ್ಲಬೇಡ ಮಗಳೇ ಎನ್ನುವ ನಾಲ್ಕು ಮಾತು ಹಲ್ಲಿನ ತನಕ ಬರುತ್ತಿತ್ತು. ಕೊಟ್ಟ ಮಾತು ನೆನಪಾಗುತ್ತಿತ್ತು. ಬೆಚ್ಚಿದರೆ ಮಗುವಿಗೆ ತಟ್ಟುತ್ತದೆ. ನುಂಗಿಕೊಳ್ಳುತ್ತಿದ್ದ.

ಫೆಬ್ರವರಿಯಲ್ಲಿ ಮಳೆ ಹಿಡಿಯಿತು. ಎಡೆಬಿಡದೆ ಸುರಿದು, ಒಂದು ಬೆಳಿಗ್ಗೆ ಪಟ್ಟನೆ ನಿಂತು, ತೊಳೆದಿಟ್ಟಂಥ ಬಿಸಿಲು ಬಂತು. ಮಳೆಗೆ ಕಸಾಯಿಖಾನೆಯ ಚರ್ಮ ತಡವಾಗಿ ಸಿಕ್ಕಿತು. ನೀರು ಕುಡಿದ ಚರ್ಮ, ಎಂದಿಗಿಂತ ಭಾರ. ಜಿಲಾಲಿ ಇದ್ದಿಲ ಸಂದಿಗೆ ಬಂದಾಗ ಜನ ರೊಟ್ಟಿಯ ಹಿಟ್ಟನ್ನು ಬೇಯಿಸಲು ಒಲೆಯಂಗಡಿಗೆ ಒಯ್ಯುವ ಹೊತ್ತು. ಸಂದಿಯ ಬಾಯಲ್ಲಿ ನಿಂತು ಇಣುಕಿದ. ದೇವರ ದಯೆ, ಒಳಗೆ ಯಾರೂ ಇರಲಿಲ್ಲ. ಕೂಗದೆ ಹಗ್ಗ ಜಗ್ಗಿದ.

ಅರ್ಧ ದಾರಿಯಲ್ಲಿ ಹೇಸರಗತ್ತೆ ನಿಂತುಬಿಟ್ಟಿತು. ಕಿವಿ ಹಿಂದಕ್ಕೆ ಮಡಚಿ, ಮುಂಗಾಲು ಊರಿ, ಎಳೆದರೂ ಕದಲದು. ಬೆಣ್ಣೆ ಹಚ್ಚಿ ಮಾತಾಡಿಸಿದ, ಬೈದ. ಆಗ ಎಡಗಡೆಯಿಂದ ಸಣ್ಣ ಸದ್ದು ಕೇಳಿಸಿತು, ಮೊರದಲ್ಲಿ ಅಕ್ಕಿ ಜಾರಿದ ಹಾಗೆ. ಗೋಡೆಯ ಮೇಲಿನಿಂದ ಮಣ್ಣು ಸುರಿಯುತ್ತಿತ್ತು.

ಮುಂದೆ, ಗೋಡೆಯ ಆ ತುದಿಯಲ್ಲಿ, ಬಾಗಿಲು ತೆರೆಯಿತು. ತಾಮು ಹೊರಗೆ ಬಂದಳು. ತಲೆಯ ಮೇಲೆ ಹಿಟ್ಟಿನ ಹಲಗೆ, ಮೇಲೆ ಪಟ್ಟೆಯ ಬಟ್ಟೆ, ಒಂದು ಕೈ ಹಲಗೆಗೆ, ಒಂದು ಕೈ ಸೊಂಟಕ್ಕೆ. ತುಂಬಿದ ಬಸುರಿ ನಡೆಯುವ ಹಾಗೆ ನಿಧಾನವಾಗಿ, ಕೆಸರು ನೋಡಿಕೊಂಡು, ಗೋಡೆಯ ಉದ್ದಕ್ಕೂ ಅವನ ಕಡೆಗೇ ಬರತೊಡಗಿದಳು. ಅವಳ ತಲೆಯಿಂದ ಎರಡಾಳು ಮೇಲೆ ಗೋಡೆಯಲ್ಲಿ ಒಂದು ಕಪ್ಪು ಗೆರೆ ಬಾಯಿ ಬಿಡುತ್ತಿರುವುದನ್ನು ಜಿಲಾಲಿ ಕಂಡ.

ಓಡು ಎನ್ನಬೇಕಿತ್ತು. ಹಿಂದಕ್ಕೆ ಹೋಗು ಎನ್ನಬೇಕಿತ್ತು, ತಾಮು ಎಂದಿದ್ದರೂ ಸಾಕಿತ್ತು. ಆದರೆ ಮೂವತ್ತು ವರ್ಷ ಅಪಾಯ ಕಂಡಾಗಲೆಲ್ಲ ಅವನ ಗಂಟಲು ಕಲಿತದ್ದು ಒಂದೇ ಮಾತು. ಅವನು ಯೋಚಿಸುವ ಮೊದಲೇ ಅದು ಬಂದುಬಿಟ್ಟಿತು.

"ಬಾಲಾಕ್!"

ತಾಮು ತಲೆಯೆತ್ತಿ ನೋಡಲಿಲ್ಲ. ಯಾರು, ಎಷ್ಟು ದೂರ ಎಂದು ಯೋಚಿಸಲಿಲ್ಲ. ಹಲಗೆಯನ್ನು ಇಳಿಸಿ ಎದೆಗವಚಿಕೊಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟಳು.

ಅಲ್ಲ, ಅಲ್ಲ ಎಂದು ಅವನ ಒಳಗೆಲ್ಲ ಕೂಗುತ್ತಿತ್ತು. ಹಗ್ಗ ಬಿಟ್ಟು ಓಡಿದ. ಓಡುತ್ತ ಬಾಯಿ ತೆರೆದ. ಮತ್ತೆ ಬಂದದ್ದು ಅದೇ ಮಾತು, ಇನ್ನೂ ಜೋರಾಗಿ.

ಎರಡನೇ ಸಲ ಕೇಳಿಸಿದರೆ ಇನ್ನೂ ಒತ್ತಿಕೊಳ್ಳಬೇಕು. ತಾಮು ಹಿಮ್ಮಡಿಯನ್ನೂ ಗೋಡೆಗೆ ತಾಗಿಸಿ, ಅಷ್ಟು ದೊಡ್ಡ ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು, ಗಲ್ಲ ಉಬ್ಬಿಸಿ ಉಸಿರು ಹಿಡಿದಳು. ಆಗ ಅವನನ್ನು ಗುರುತಿಸಿ, ಸರಿ ಮಾಡಿದೆನೇ ಎನ್ನುವಂತೆ ಅಪ್ಪನ ಮುಖ ನೋಡಿದಳು.

ಗೋಡೆ ಬಿತ್ತು.

ಮಣ್ಣು, ಇಟ್ಟಿಗೆ, ತೊಲೆ ಎಲ್ಲ ಸರಿಸಿ ಅವಳನ್ನು ಹೊರತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಲಲ್ಲಾ ಬತೂಲ್ ಒಳ ಅಂಗಳದಲ್ಲಿದ್ದವಳು, ಅವಳಿಗೆ ಏನೂ ಆಗಲಿಲ್ಲ. ಸಂದಿಗೆ ತೆರೆದುಕೊಂಡ ತನ್ನ ಮನೆಯ ನಡುವೆ, ನಿಂಬೆ ಗಿಡದ ಪಕ್ಕ ಕೂತು, ಬಿಡ್ತು ಅನ್ನಿ, ಯಾರಾದರೂ ಬಿಡ್ತು ಅನ್ನಿ ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದಳು.

ಮೌಲಾಯ್ ತಯ್ಯಬ್ ಕೋಲೂರಿಕೊಂಡು ಬಂದ. ಕಸುಬಿನವನ ಹೇರು ಇದ್ದ ಜಾಗದಲ್ಲಿ ಸಾವಾದರೆ ಯಜಮಾನ ಕೇಳಲೇಬೇಕು. ಅದೇ ಪ್ರಶ್ನೆ ಕೇಳಿದ. ನೆರೆಯವರು ಅಳುತ್ತಲೇ ಸಾಕ್ಷಿ ಹೇಳಿದರು. ಕೂಗಿದ್ದ, ಒಂದಲ್ಲ ಎರಡು ಸಲ, ಮಹಡಿಯ ಮೇಲಿದ್ದವರಿಗೂ ಕೇಳಿಸುವ ಹಾಗೆ ಕೂಗಿದ್ದ. ಅವಳೂ ತಪ್ಪು ಮಾಡಲಿಲ್ಲ, ಮಹಾತಾಯಿ, ಕೂಗಿದ ತಕ್ಷಣ ಗೋಡೆಗೆ ಸರಿದಿದ್ದಳು. ಮುದುಕ ಕೆಸರಿನಲ್ಲಿ ಕೂತಿದ್ದ ಜಿಲಾಲಿಯ ತಲೆಯ ಮೇಲೆ ಕೈಯಿಟ್ಟ.

"ನಿನ್ನ ಮೇಲೆ ಏನೂ ಇಲ್ಲ ಕಣಪ್ಪಾ. ನೀನು ಕೂಗಿದ್ದೆ."

ನಲವತ್ತನೇ ದಿನ ಕಳೆದ ಮೇಲೆ ಜಿಲಾಲಿ ಮತ್ತೆ ಕೆಲಸಕ್ಕೆ ಬಂದ. ಆಗಿನಿಂದ ಕೂಗಿಲ್ಲ. ಯಾರಿಗೆ ಏನು ತಾಗಿದರೂ ತಪ್ಪು ನನ್ನದು ಎಂದು ಯಜಮಾನನ ಮುಂದೆ ಒಪ್ಪಿಕೊಂಡೇ ಹಗ್ಗ ಹಿಡಿದಿದ್ದಾನೆ. ಇದ್ದಿಲ ಸಂದಿಯಲ್ಲಿ ಈಗ ಎರಡು ಕಡೆಗೂ ಅಡ್ಡ ತೊಲೆ ಕೊಟ್ಟಿದ್ದಾರೆ, ಹೇರು ಸಲೀಸಾಗಿ ಹಾಯುತ್ತದೆ. ಅಲ್ಲಿನವರು ಒಳ್ಳೆಯ ಜನ. ಅವನು ಮೌನವಾಗಿ ಬಂದು ತೋಳು ಮುಟ್ಟಿದಾಗ ಪಕ್ಕಕ್ಕೆ ಸರಿಯುತ್ತ, ಸಮಾಧಾನಕ್ಕೆಂದು ಇಂದಿಗೂ ಅದನ್ನೇ ಹೇಳುತ್ತಾರೆ: ಕೊರಗಬೇಡ ಜಿಲಾಲಿ, ನೀನು ಕೂಗಿದ್ದನ್ನು ನಾವೇ ಕಿವಿಯಾರೆ ಕೇಳಿದ್ದೇವೆ.